ಕಲ್ಲಿನ ಕೆಳಗೆ ಕಾಲಿಲ್ಲದ ಹಾವುರಾಣಿ: ಡಾರ್ಲಿಂಗ್ ಬಳಿಯ ಒಂದು ಕುರುಚಲು ನಡಿಗೆ

ಕೇಪ್ ಟೌನ್‌ಗೆ ಬರುವ ನಮ್ಮವರ ಪಟ್ಟಿ ಹೆಚ್ಚುಕಡಿಮೆ ಒಂದೇ. ಟೇಬಲ್ ಮೌಂಟನ್, ಬೋಲ್ಡರ್ಸ್‌ನ ಪೆಂಗ್ವಿನ್‌ಗಳು, ಕೇಪ್ ಪಾಯಿಂಟ್, ಒಂದೆರಡು ದ್ರಾಕ್ಷಿ ತೋಟ. ಇಲ್ಲಿ ನೆಲೆಸಿದ ಮೇಲೆ ಬಂದ ನೆಂಟರನ್ನೆಲ್ಲ ನಾನೂ ಅದೇ ದಾರಿಯಲ್ಲಿ ಸುತ್ತಿಸಿದ್ದೇನೆ. ಎಲ್ಲವೂ ಚೆನ್ನಾಗಿಯೇ ಇವೆ. ಆದರೆ ಈಗ ಯಾರಾದರೂ ಒಂದು ದಿನ ಜಾಸ್ತಿ ಉಳಿಯುತ್ತೇನೆ ಎಂದರೆ ಅವರನ್ನು ಡಾರ್ಲಿಂಗ್ ಎಂಬ ಊರಿನ ಕಡೆಗೆ ಕಳಿಸುತ್ತೇನೆ. ಅಲ್ಲಿ ಒಬ್ಬ ಹೆಂಗಸು ಅರ್ಧ ದಿನದ ನಡಿಗೆ ಮಾಡಿಸುತ್ತಾರೆ. ತೋರಿಸುವುದು ಸಿಂಹ, ಆನೆ ಅಲ್ಲ. ಮರಳಿನೊಳಗೆ ಬದುಕುವ ಜೀವಿಗಳು. ಅದರಲ್ಲೂ ಮುಖ್ಯವಾಗಿ ಕೇಪ್‌ನ ಕಾಲಿಲ್ಲದ ಹಾವುರಾಣಿ, ಅಂದರೆ ಹಾವಿನಂತೆ ಕಾಣುವ ಒಂದು ಹಲ್ಲಿ.

ಮೊದಲೇ ಹೇಳಿಬಿಡುತ್ತೇನೆ: ದುಡ್ಡು ಕೊಟ್ಟು ನೋಡುವ ಕಾಡಿನ ಪ್ರವಾಸಗಳಲ್ಲಿ ನನಗೆ ಇಷ್ಟು ತೃಪ್ತಿ ಕೊಟ್ಟದ್ದು ಬೇರೊಂದಿಲ್ಲ. ಕಾರಣ ಪ್ರಾಣಿ ಕಂಡಿತು ಅನ್ನುವುದಷ್ಟೇ ಅಲ್ಲ. ಅದನ್ನು ತೋರಿಸಿದ ರೀತಿ.

ಆಕೆಯ ಹೆಸರನ್ನೂ ಜಾಗದ ಗುರುತನ್ನೂ ಇಲ್ಲಿ ಹಾಕುತ್ತಿಲ್ಲ. ಹಾಕಬೇಡಿ ಎಂದು ಅವರೇ ಕೇಳಿಕೊಂಡರು. ಆ ಮಾತಿಗೆ ಕಾರಣ ಇದೆ. ಈ ಕರಾವಳಿಯಿಂದ ಆರ್ಮಡಿಲೊ ಹಲ್ಲಿಗಳನ್ನು ಕದ್ದು ಹೊರದೇಶಕ್ಕೆ ಮಾರುತ್ತಾರೆ. ಇಲ್ಲಿಂದ ಉತ್ತರಕ್ಕಿರುವ ನಾಮಕ್ವಾಲ್ಯಾಂಡಿನಲ್ಲಿ ಇತ್ತೀಚಿನ ವರ್ಷಗಳಲ್ಲಿ ಹೆಬ್ಬೆರಳ ಗಾತ್ರದ ರಸಭರಿತ ಗಿಡಗಳನ್ನು ಚೀಲಗಟ್ಟಲೆ ಕಿತ್ತು ಸಾಗಿಸಿದ್ದಾರೆ. ಫೋಟೊದ ಜೊತೆ ಜಾಗದ ಗುರುತು ಹೋದರೆ ಸಾಕು, ಕಳ್ಳರು ದಾರಿ ಹಿಡಿದು ಬರುತ್ತಾರೆ. ಹಾಗಾಗಿ ನಡಿಗೆ ಶುರುವಾಗುವ ಮೊದಲು ಎಲ್ಲರೂ ಮೊಬೈಲಿನಲ್ಲಿ ಲೊಕೇಶನ್ ಆಫ್ ಮಾಡಬೇಕು. ಆಕೆ ನಿಂತು ನೋಡುತ್ತಾರೆ. ನಮ್ಮ ಊರ ಕಡೆ ಹೋಮ್‌ಸ್ಟೇಗಳೂ ಇದನ್ನು ಮಾಡಬೇಕು ಅಂತ ನನಗೆ ಅಲ್ಲೇ ಅನ್ನಿಸಿತು.

ಡಾರ್ಲಿಂಗ್ ಕೇಪ್ ಟೌನ್‌ನಿಂದ ಸುಮಾರು 75 ಕಿ.ಮೀ. ಉತ್ತರಕ್ಕೆ. ಆರ್ 27 ಹೆದ್ದಾರಿ ಹಿಡಿದರೆ ಎಡಕ್ಕೆ ಅಟ್ಲಾಂಟಿಕ್, ಬಲಕ್ಕೆ ಕುರುಚಲು. ಊರು ದಾಟಿದ ಮೇಲೆ ಮರ ಅನ್ನುವುದೇ ಅಪರೂಪ. ಮೊಣಕಾಲೆತ್ತರದ, ಸೊಂಟದೆತ್ತರದ ಪೊದೆಗಳು, ನಡುವೆ ಬಿಳಿ ಮರಳು. ಮಳೆ ಬೀಳುವುದು ಚಳಿಗಾಲದಲ್ಲಿ, ಮೇ ತಿಂಗಳಿಂದ ಆಗಸ್ಟ್‌ವರೆಗೆ. ನಾನು ಚಳ್ಳಕೆರೆ ಕಡೆಯವಳು. ಅಲ್ಲಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಕರ್ನಾಟಕದಲ್ಲೇ ಕಡಿಮೆ ಮಳೆಯ ತಾಲ್ಲೂಕುಗಳಲ್ಲಿ ಅದೂ ಒಂದು. ಅಂಥ ಕಡೆಯಿಂದ ಬಂದವಳಿಗೆ ಈ ನೆಲ ಬೋಳು ಅನ್ನಿಸುವುದಿಲ್ಲ. ಪೊದೆಯ ಬುಡ ನೋಡಬೇಕು, ಕಲ್ಲಿನ ನೆರಳು ನೋಡಬೇಕು ಅಂತ ಕಣ್ಣಿಗೆ ತಾನಾಗಿಯೇ ಗೊತ್ತು.

ಹೊಲದ ಮನೆಯೊಂದರ ಅಂಗಳದಲ್ಲಿ ಸೇರಿದೆವು. ನಾನು, ನನ್ನವರು, ಮಗ, ಊರಿಂದ ಬಂದಿದ್ದ ಅತ್ತೆ, ಜೊತೆಗೆ ಜರ್ಮನಿಯ ಗಂಡ ಹೆಂಡತಿ. ಒಂದು ಗುಂಪಿಗೆ ಆರು ಜನಕ್ಕಿಂತ ಜಾಸ್ತಿ ಸೇರಿಸಿಕೊಳ್ಳುವುದಿಲ್ಲ. ಆಕೆಗೆ ಐವತ್ತರ ಮೇಲೆ ವಯಸ್ಸು. ಸುತ್ತಲಿನ ಹಳ್ಳಿಯವರೆಲ್ಲ ‘ತಾನ್ನಿ’, ಅಂದರೆ ಆಫ್ರಿಕಾನ್ಸ್ ಭಾಷೆಯಲ್ಲಿ ಚಿಕ್ಕಮ್ಮ, ಎಂದೇ ಕರೆಯುತ್ತಾರೆ, ನಾವೂ ಹಾಗೇ ಕರೆದೆವು. ಅಂಗಿಯ ಮೇಲೆ ನೋಂದಾಯಿತ ಮಾರ್ಗದರ್ಶಿಯ ಬ್ಯಾಡ್ಜ್ ಇತ್ತು. ದಕ್ಷಿಣ ಆಫ್ರಿಕಾದಲ್ಲಿ ದುಡ್ಡಿಗೆ ಜನರನ್ನು ಸುತ್ತಿಸುವವರು ಅದನ್ನು ಹಾಕಿಕೊಂಡಿರಲೇಬೇಕು. ನೀವು ಎಲ್ಲಿ ಯಾರ ಜೊತೆ ಹೋದರೂ ಮೊದಲು ಅದನ್ನು ನೋಡಿ. ಹಲ್ಲಿ, ಹಾವುಗಳನ್ನು ಕೈಯಲ್ಲಿ ಹಿಡಿಯಲು ಈ ಪ್ರಾಂತ್ಯದಲ್ಲಿ ಕೇಪ್‌ನೇಚರ್ ಸಂಸ್ಥೆಯ ಅನುಮತಿ ಬೇಕು. ಆ ಕಾಗದವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡಿದ್ದರು. ನಾವು ಕೇಳದೆಯೇ ತೋರಿಸಿದರು.

ಮೊದಲ ಪಾಠ ಕಲ್ಲು ಎತ್ತುವುದು. ಇದಕ್ಕೇ ಬಹಳ ಹೊತ್ತು ಕೊಟ್ಟರು, ಮತ್ತು ಈ ನಡಿಗೆಯ ಬೆಲೆ ಇರುವುದೇ ಇಲ್ಲಿ ಅಂತ ನನ್ನ ಲೆಕ್ಕ.

ಬರಿಗೈ ಹಾಕುವ ಹಾಗಿಲ್ಲ. ಉದ್ದ ಹಿಡಿಕೆಯ, ತುದಿ ಬಗ್ಗಿಸಿದ ಕಬ್ಬಿಣದ ಕೊಕ್ಕೆ ಇರುತ್ತದೆ. ಕಲ್ಲಿನ ಆಚೆ ಅಂಚಿಗೆ ಕೊಕ್ಕೆ ಹಾಕಿ ತಮ್ಮ ಕಡೆಗೆ ಎತ್ತುತ್ತಾರೆ. ಆಗ ಕೆಳಗಿರುವ ಜೀವಿಗೂ ನಮ್ಮ ಕಾಲಿಗೂ ನಡುವೆ ಕಲ್ಲೇ ಗುರಾಣಿ. ಈ ನೆಲದಲ್ಲಿ ಕೇಪ್ ನಾಗರವೂ ಇದೆ, ಪಫ್ ಆ್ಯಡರ್ ಎಂಬ ದಪ್ಪ ಮಂಡಲದ ಹಾವೂ ಇದೆ, ದಪ್ಪ ಬಾಲದ ವಿಷದ ಚೇಳುಗಳೂ ಇವೆ. ಕೆಳಗೆ ಏನಾದರೂ ಸಿಕ್ಕಿದರೆ ಮೊದಲು ಅದನ್ನು ಪಕ್ಕಕ್ಕೆ ಎತ್ತಿಟ್ಟುಕೊಂಡು, ಆಮೇಲೆ ಕಲ್ಲನ್ನು ಅದರ ಹಳೆಯ ಗುಂಡಿಗೇ ಇಳಿಸಬೇಕು. ಎಷ್ಟು ಸರಿಯಾಗಿ ಅಂದರೆ ಸುತ್ತಲಿನ ಒಣ ಮರಳಿನ ಗೆರೆ ಕೂಡ ಕೂಡಿಕೊಳ್ಳಬೇಕು. ನೋಡಿ ಮುಗಿದ ಮೇಲೆ ಪ್ರಾಣಿಯನ್ನು ಕಲ್ಲಿನ ಅಂಚಿಗೆ ಬಿಡುತ್ತಾರೆ, ಅದು ತಾನೇ ಒಳಗೆ ಹೋಗುತ್ತದೆ. ಪ್ರಾಣಿಯ ಮೇಲೆಯೇ ಕಲ್ಲು ಇಟ್ಟರೆ ಅಪ್ಪಚ್ಚಿಯಾಗುತ್ತದೆ ಅಲ್ವಾ, ಅದಕ್ಕೆ.

ಕಲ್ಲನ್ನು ಸರಿಯಾಗಿ ಇಡುವುದಕ್ಕೆ ಯಾಕಿಷ್ಟು ಒತ್ತು ಅಂತ ಮಗ ಕೇಳಿದ. ತಾನ್ನಿ ಎರಡು ಕಲ್ಲುಗಳ ಕೆಳಗೆ ಅವನ ಬೆರಳು ಒತ್ತಿಸಿದರು. ಒಂದು ಯಾರೂ ಮುಟ್ಟದೆ ಬಿಟ್ಟದ್ದು. ಅದರ ಅಡಿಯ ಮರಳು ತಣ್ಣಗೆ, ತೇವವಾಗಿ, ಒತ್ತಿದರೆ ಉಂಡೆ ಕಟ್ಟುವಂತಿತ್ತು. ಗೆದ್ದಲಿನ ದಾರಿಗಳು, ಬಿಳಿ ಬೇರಿನ ಎಳೆಗಳು, ಜೀರುಂಡೆಯ ಮರಿಹುಳು ಎಲ್ಲ ಅಲ್ಲೇ. ಇನ್ನೊಂದನ್ನು ಯಾರೋ ಮಗುಚಿ ಹಾಗೇ ಬಿಟ್ಟು ಹೋಗಿದ್ದರು. ಅದರ ಅಡಿ ಮರಳು ಬೂದಿಯಂತೆ ಒಣಗಿತ್ತು. ಒಂದೇ ಒಂದು ಇರುವೆ ಕೂಡ ಇರಲಿಲ್ಲ. ಹಾಗೆ ಒಣಗಿದ್ದು ಮತ್ತೆ ಮನೆಯಾಗಲು ಬಹಳ ಕಾಲ ಬೇಕು ಎಂದರು. ನಾನು ತರಗತಿಯಲ್ಲಿ ಆವಾಸಸ್ಥಾನ ಎಂಬ ಪಾಠವನ್ನು ಎಷ್ಟೋ ವರ್ಷ ಮಾಡಿದ್ದೇನೆ. ಅದನ್ನು ಹೀಗೆ ಬೆರಳಿಗೆ ಮುಟ್ಟಿಸಿ ತೋರಿಸಿದವರನ್ನು ಕಂಡದ್ದು ಅಲ್ಲೇ.

ಇನ್ನು ಹಾವುರಾಣಿಗಳಿಗೆ ಬರುತ್ತೇನೆ.

ಮೊದಲು ಕಂಡದ್ದು ಪೂರ್ತಿ ಕಾಲಿರುವ ಕೇಪ್ ಹಾವುರಾಣಿ. ಪೊದೆಯ ಬುಡದಲ್ಲಿ ಬಿಸಿಲು ಕಾಯುತ್ತಿತ್ತು. ದಪ್ಪ ಮೈ, ಬೆನ್ನ ಮೇಲೆ ಮೂರು ತಿಳಿ ಗೆರೆ. ನಮ್ಮ ಹಿತ್ತಲಲ್ಲಿ ಒಣ ಎಲೆಯ ಮೇಲೆ ಸರಸರ ಓಡುವ ಹಾವುರಾಣಿಗೆ ಹತ್ತಿರದ ಮುಖ. ಎರಡನ್ನೂ ಬಹಳ ಕಾಲ ಮಬೂಯಾ ಎಂಬ ಒಂದೇ ಕುಲದಲ್ಲಿ ಇಟ್ಟಿದ್ದರು, ಆಮೇಲೆ ಬೇರೆ ಮಾಡಿದರು. ಅತ್ತೆಗಂತೂ ಅದನ್ನು ನೋಡಿ ಊರಿನವರು ಸಿಕ್ಕಷ್ಟು ಖುಷಿ.

ಸ್ವಲ್ಪ ಮುಂದೆ ಸಮುದ್ರದ ಕಡೆಗಿನ ಸಡಿಲ ಮರಳಿನಲ್ಲಿ, ಕೊಳೆತ ದಿಮ್ಮಿಯ ಕೆಳಗೆ ಬೆಳ್ಳಿ ಬಣ್ಣದ ಬೆರಳುದ್ದದ ಜೀವಿಯೊಂದು ಸಿಕ್ಕಿತು. ಸೆಲೋಟಿಸ್ ಬೈಪಿಸ್ ಅಂತ ಅದರ ಶಾಸ್ತ್ರೀಯ ಹೆಸರು. ಮುಂದಿನ ಕಾಲು ಇಲ್ಲವೇ ಇಲ್ಲ. ಹಿಂದಿನ ಕಾಲು ಇದೆ ಎಂದು ಹೇಳಿದರೂ ನನಗೆ ಕಾಣಲಿಲ್ಲ. ತಾನ್ನಿ ಭೂತಗನ್ನಡಿ ಕೊಟ್ಟರು. ಬಾಲ ಶುರುವಾಗುವ ಕಡೆ ಎರಡೂ ಪಕ್ಕ ನೂಲಿನ ತುಂಡಿನಂಥ ಕಾಲು, ತುದಿಯಲ್ಲಿ ಎರಡೇ ಬೆರಳು. ಆ ಬೆರಳಿಗೂ ಉಗುರು! ಅದು ಹರಿಯುವಾಗ ಆ ಕಾಲುಗಳನ್ನು ಮೈಗೆ ಅಂಟಿಸಿಕೊಂಡಿತ್ತು. ಅವುಗಳಿಂದ ಏನೂ ಕೆಲಸ ಆಗುತ್ತಿರಲಿಲ್ಲ.

ಮೂರನೆಯದಕ್ಕೆ ಕಾಯಬೇಕಾಯಿತು. ಒಂದಾದ ಮೇಲೊಂದು ಕಲ್ಲು ಎತ್ತಿದರೂ ಚೇಳು, ಗೆದ್ದಲು, ಒಂದು ಪುಟ್ಟ ಕಪ್ಪೆ ಇಷ್ಟೇ. ಜರ್ಮನಿಯವರು ಗಡಿಯಾರ ನೋಡತೊಡಗಿದ್ದರು. ತಾನ್ನಿಗೆ ಅವಸರವಿಲ್ಲ. ಬಿಸಿಲು ಕಲ್ಲನ್ನು ಕಾಯಿಸಬೇಕು, ಮರಳಿನಲ್ಲಿ ತೇವ ಇರಬೇಕು, ಎರಡೂ ಕೂಡಿದಾಗ ಅದು ಮೇಲಕ್ಕೆ ಬರುತ್ತದೆ ಎಂದು ಹೇಳಿ ಕಪ್ಪೋಕ್ ಪೊದೆಯೊಂದರ ಪಕ್ಕ ಕೂತುಬಿಟ್ಟರು. ಈ ಪೊದೆಯ ಬೀಜಕ್ಕೆ ಹತ್ತಿಯಂಥ ಬಿಳಿ ನಾರು ಸುತ್ತಿಕೊಂಡಿರುತ್ತದೆ. ಒಂದು ಚಿಕ್ಕ ಹಕ್ಕಿ ಅದನ್ನು ಬಿಡಿಸಿಕೊಂಡು ಹೋಗಿ ಗೂಡು ಹೆಣೆಯುತ್ತದೆ. ಅಷ್ಟರಲ್ಲಿ ಬಿಸಿಲೇರಿತು. ಪಕ್ಕದ ಚಪ್ಪಟೆ ಗ್ರಾನೈಟ್ ಚಕ್ಕೆಯನ್ನು ಎತ್ತಿದರು. ಮರಳಿನ ಮೇಲೆ ಬೆರಳಲ್ಲಿ ಗೀಚಿದಂತೆ ಒಂದು ಹೊಸ ಸುಳಿ. ಸುಳಿಯ ಕೊನೆಗೆ ಕೈ ಒಡ್ಡಿ ಮರಳಿನ ಸಮೇತ ಮೇಲೆತ್ತಿದರು.

ಅಂಗೈಯಿಂದ ಮರಳು ಸೋರಿದ ಮೇಲೆ ಉಳಿದದ್ದು ಕೇಪ್‌ನ ಕಾಲಿಲ್ಲದ ಹಾವುರಾಣಿ. ಗೇಣುದ್ದಕ್ಕೆ ಸ್ವಲ್ಪ ಜಾಸ್ತಿ, ಕಿರುಬೆರಳಿನ ದಪ್ಪ. ಹೊನ್ನಿನ ಛಾಯೆಯ ಕಂದು ಮೈ, ಒಂದೊಂದು ಹುರುಪೆಯ ಮೇಲೂ ಒಂದೊಂದು ಕಪ್ಪು ಚುಕ್ಕೆ. ಹುರುಪೆಗಳು ಎಷ್ಟು ನುಣುಪು ಎಂದರೆ ಒಂದು ಕಾಳು ಮರಳೂ ಅಂಟಿಕೊಂಡಿರಲಿಲ್ಲ. ಹೊಟ್ಟೆ ತಿಳಿ ಬಣ್ಣ. ಮೂತಿಯ ತುದಿಗೆ ದೊಡ್ಡದೊಂದು ಗಟ್ಟಿ ತಗಡು, ಅದೇ ಅದರ ಗುದ್ದಲಿ. ಕಿವಿಯ ತೂತು ಇಲ್ಲ. ಮರಳು ಹೋದೀತು ಅಂತ ಮುಚ್ಚಿಯೇ ಇದೆ. ಬಾಲ ಗಿಡ್ಡ, ಮೊಂಡು. ತಲೆ ಯಾವುದು ಬಾಲ ಯಾವುದು ಅಂತ ಎರಡು ಸಲ ನೋಡಬೇಕು.

ಆಮೇಲೆ ತಾನ್ನಿ “ಕಣ್ಣು ನೋಡಿ” ಎಂದರು. ಸಾಸಿವೆಗಿಂತ ಚಿಕ್ಕ ಕಣ್ಣು. ನೋಡುತ್ತಿದ್ದಂತೆ ಕೆಳಗಿನ ರೆಪ್ಪೆ ಮೇಲೆ ಬಂದು ಮುಚ್ಚಿತು, ಮತ್ತೆ ತೆರೆಯಿತು. ಹಾವಿಗೆ ರೆಪ್ಪೆ ಇಲ್ಲ, ಅದು ಕಣ್ಣು ಮಿಟುಕಿಸಲಾರದು. ಇದು ಮಿಟುಕಿಸಿತು. ಹಾವಿನ ಹೊಟ್ಟೆಯ ಕೆಳಗೆ ಅಡ್ಡಡ್ಡ ಅಗಲ ಪಟ್ಟಿಗಳಿರುತ್ತವೆ, ಇದಕ್ಕೆ ಹೊಟ್ಟೆಯಲ್ಲೂ ಬೆನ್ನಿನಂತೆಯೇ ಸಣ್ಣ ಹುರುಪೆ. ನಾಲಿಗೆ ಹಾವಿನಂತೆ ಆಳವಾಗಿ ಸೀಳಿಲ್ಲ, ದಪ್ಪ, ತುದಿಯಲ್ಲಿ ಸ್ವಲ್ಪ ಕಚ್ಚು. ಇಷ್ಟನ್ನೂ ಅವರು ಹೇಳಿದ್ದಲ್ಲ, ಒಂದೊಂದಾಗಿ ನಮ್ಮಿಂದ ನೋಡಿಸಿದ್ದು. ನನ್ನ ಕೈಗೂ ಕೊಟ್ಟರು. ಹಿಡಿತ ಸಿಕ್ಕಿದ ಕೂಡಲೇ ಮೂತಿಯನ್ನು ನನ್ನ ಎರಡು ಬೆರಳ ಸಂದಿಗೆ ಒತ್ತಿ ತೂರಲು ನೋಡಿತು. ಅಷ್ಟು ಚಿಕ್ಕ ಮೈಯಲ್ಲಿ ಅಷ್ಟು ಬಲ ಇರುತ್ತದೆ ಅಂದುಕೊಂಡಿರಲಿಲ್ಲ. ಹುರುಪೆಗಳ ಕೆಳಗೆ ಸಣ್ಣ ಮೂಳೆ ಬಿಲ್ಲೆಗಳಿರುವುದರಿಂದ ಮೈ ಗಟ್ಟಿ, ಒತ್ತಿದರೆ ಬಗ್ಗುವುದಿಲ್ಲ.

ಇನ್ನೊಂದು ಕೆಲಸ ಮಾಡಿದರು, ಅದು ನನಗೆ ಬಹಳ ಹಿಡಿಸಿತು. ಎರಡು ಪಾರದರ್ಶಕ ಹಾಳೆಗಳ ನಡುವೆ ಬೆರಳಗಲದ ಸಂದಿ ಬಿಟ್ಟು ಮಾಡಿದ ಒಂದು ಪೆಟ್ಟಿಗೆ ತಂದಿದ್ದರು. ಅದಕ್ಕೆ ಅದೇ ಕಲ್ಲಿನಡಿಯ ಮರಳು ತುಂಬಿ ಹಾವುರಾಣಿಯನ್ನು ಮೇಲಿಂದ ಬಿಟ್ಟರು. ನೆಲದ ಮೇಲೆ ಬಿಟ್ಟಾಗ ಅದು ಒದ್ದಾಡಿ ಒದ್ದಾಡಿ ಸಾಗುತ್ತಿತ್ತು. ಮರಳು ಸಿಕ್ಕಿದ್ದೇ ತಡ, ಮೂತಿ ಒಳಗೆ ಹೋಯಿತು, ಮೈ ಹಿಂಬಾಲಿಸಿತು, ಬಾಲ ಮಾಯವಾಯಿತು. ಪಕ್ಕದಿಂದ ನೋಡಿದರೆ ಒಳಗೆ ಮೈಯನ್ನು ಅಲೆ ಅಲೆಯಾಗಿ ಬಳಕಿಸುತ್ತಾ ಈಜುತ್ತಿತ್ತು. ಕಾಲಿದ್ದರೆ ಅಲ್ಲಿ ತಡೆಯೇ ಹೊರತು ಉಪಯೋಗವಿಲ್ಲ ಎಂದು ಆಗ ಕಣ್ಣಿಗೇ ಗೊತ್ತಾಗುತ್ತದೆ. ಒಂದೆರಡು ನಿಮಿಷ, ಅಷ್ಟೇ. ಆಮೇಲೆ ಅದೇ ಕಲ್ಲಿನ ಅಂಚಿಗೆ ಬಿಟ್ಟರು.

ನಾಲ್ಕು ಕಾಲು, ಎರಡು ಕುರುಹಿನ ಕಾಲು, ಕಾಲೇ ಇಲ್ಲ. ಮೂರನ್ನೂ ಒಂದೇ ಬೆಳಗಿನಲ್ಲಿ, ಒಂದೇ ಮರಳಿನಲ್ಲಿ ನೋಡುವುದು ಸಾಮಾನ್ಯವಲ್ಲ. ಇವು ಒಂದಕ್ಕೊಂದು ಅಜ್ಜ, ಅಪ್ಪ, ಮಗ ಅಲ್ಲ ಎನ್ನುವುದನ್ನೂ ತಾನ್ನಿ ಬಿಡಿಸಿ ಹೇಳಿದರು. ಹಾವುರಾಣಿಗಳ ಕುಟುಂಬ ಹಲ್ಲಿಗಳಲ್ಲೇ ದೊಡ್ಡದು, 1,700ಕ್ಕೂ ಜಾಸ್ತಿ ಜಾತಿಗಳಿವೆ. ಅದರಲ್ಲಿ ಕಾಲು ಕಳೆದುಕೊಳ್ಳುವುದು ಬೇರೆ ಬೇರೆ ಕವಲುಗಳಲ್ಲಿ, ಬೇರೆ ಬೇರೆ ಕಡೆ, ಮತ್ತೆ ಮತ್ತೆ ನಡೆದಿದೆ. ಕೇಪ್‌ನ ಈ ಜಾತಿ ಸೇರುವ ಅಕಾಂಟಿಯಸ್ ಗುಂಪಿನಲ್ಲಂತೂ ಒಂದಕ್ಕೂ ಕಾಲಿಲ್ಲ. ಬಹುತೇಕ ಎಲ್ಲವೂ ಆಫ್ರಿಕಾದ ದಕ್ಷಿಣ ಭಾಗದಲ್ಲೇ ಇರುವಂಥವು. ಕಲಹಾರಿ ಮರುಭೂಮಿಯಲ್ಲಿರುವ ಇದರ ನೆಂಟರು ಮುಖ್ಯವಾಗಿ ಗೆದ್ದಲು ತಿಂದೇ ಬದುಕುತ್ತವೆ ಎಂದು 1970ರ ದಶಕದಲ್ಲಿ ಹ್ಯೂಯಿ ಮತ್ತು ಪಿಯಾಂಕಾ ಎಂಬ ವಿಜ್ಞಾನಿಗಳು ತೋರಿಸಿದರು. ಕೇಪ್‌ನ ಈ ಹಾವುರಾಣಿ ಎರೆಹುಳು, ಜೀರುಂಡೆ ಮರಿಹುಳು, ಸಿಕ್ಕಿದ ಕೀಟ ಎಲ್ಲ ತಿನ್ನುತ್ತದೆ. ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಜೀವಿಗಳಿಗೆ ಶಾಸ್ತ್ರೀಯ ಹೆಸರಿಡುವ ಪದ್ಧತಿ ತಂದ ಲಿನೇಯಸ್ 1758ರಲ್ಲೇ ಇದಕ್ಕೆ ಹೆಸರು ಕೊಟ್ಟಿದ್ದಾನೆ. ನಮ್ಮ ದೇಶದಲ್ಲೂ ಕಾಲಿಲ್ಲದ ಹಾವುರಾಣಿಗಳಿವೆ. ಒಡಿಶಾದ ಚಿಲಿಕಾ ಸರೋವರದ ಬರ್ಕುಡಾ ದ್ವೀಪದಲ್ಲಿ ಸಿಕ್ಕ ಒಂದನ್ನು ಅನಂಡೇಲ್ ಎಂಬ ಪ್ರಾಣಿವಿಜ್ಞಾನಿ 1917ರಲ್ಲಿ ವಿವರಿಸಿದ. ಪೂರ್ವ ಘಟ್ಟದಲ್ಲಿ ಇನ್ನೊಂದಿದೆ. ಇದನ್ನು ನಾನು ಹೇಳಿದಾಗ ತಾನ್ನಿ ನೋಟ್‌ಬುಕ್ ತೆಗೆದು ಬರೆದುಕೊಂಡರು.

ಅತ್ತೆ ಅಷ್ಟೊತ್ತೂ ಸುಮ್ನೆ ನೋಡುತ್ತಿದ್ದವರು, “ನಮ್ಮ ಇರ್ತಲೆ ಹಾವಿನ ಮರಿ ಇದ್ದಂಗೆ ಐತಲ್ಲೇ. ಇಲ್ಲಿ ಇದನ್ನ ಹಿಡ್ದು ಮಾರಲ್ವಾ?” ಎಂದರು. ನಾನು ಇಂಗ್ಲಿಷಿಗೆ ಮಾಡಿ ಹೇಳಿದೆ. ತಾನ್ನಿಗೆ ಅದು ಹೊಸ ಸುದ್ದಿ. ಮಣ್ಣುಮುಕ್ಕ ಹಾವನ್ನು ಮನೆಯಲ್ಲಿಟ್ಟರೆ ದುಡ್ಡು ಬರುತ್ತದೆ ಎಂಬ ಸುಳ್ಳು ನಂಬಿಕೆಗೆ ಲಕ್ಷ ಲಕ್ಷ ಕೊಡುವವರಿದ್ದಾರೆ, ಅದಕ್ಕಾಗಿ ಆ ಪಾಪದ ಹಾವನ್ನು ಚೀಲದಲ್ಲಿ ತುಂಬಿ ಸಾಗಿಸುತ್ತಾರೆ, ಸಿಕ್ಕಿಬಿದ್ದವರ ಸುದ್ದಿ ನಮ್ಮ ಪೇಪರಿನಲ್ಲಿ ಬರುತ್ತಲೇ ಇರುತ್ತದೆ ಎಂದು ವಿವರಿಸಿದೆ. ಅವರ ಮುಖ ಚಿಕ್ಕದಾಯಿತು. ಇಲ್ಲಿ ಇದನ್ನು ಯಾರೂ ಕೊಳ್ಳುವುದಿಲ್ಲ, ಆದರೆ ಹಾವೆಂದು ಸಲಿಕೆಯಿಂದ ಕತ್ತರಿಸುತ್ತಾರೆ ಎಂದರು. ಕೇಪ್ ಟೌನ್‌ನ ಹಿತ್ತಲುಗಳಲ್ಲಿ ಗೊಬ್ಬರದ ತಿಪ್ಪೆ ಕೆದಕಿದಾಗ ಇದು ಸಿಗುವುದುಂಟು. ಕಚ್ಚಿದರೂ ವಿಷವಿಲ್ಲ. ಗಿಡದ ಬೇರು ತಿನ್ನುವ ಹುಳುಗಳನ್ನು ತಿಂದು ಉಪಕಾರವನ್ನೇ ಮಾಡುತ್ತದೆ. ಅವರಿಬ್ಬರ ಮಾತು ಆಮೇಲೆ ನಿಲ್ಲಲೇ ಇಲ್ಲ. ನನ್ನವರು ಕರೆಯುವುದನ್ನು ಕೇಳಿ ತಾನ್ನಿಯೂ ಅತ್ತೆಯನ್ನು ‘ಅಮ್ಮ’ ಎಂದೇ ಕರೆದರು. ಮರಳಿನಲ್ಲಿ ಕೈ ಹಿಡಿದು ನಡೆಸಿದ್ದೂ ಅವರೇ.

ಇದಕ್ಕೆ ಹೋಲಿಸಿ ನೋಡಲು ನನಗೆ ಇನ್ನೊಂದು ಅನುಭವವಿದೆ. ಬೇರೆ ಊರಿನಲ್ಲಿ ಬೇರೆಯವರು ನಡೆಸುವ ಹಲ್ಲಿ ಹಾವುಗಳ ಫೋಟೊ ಪ್ರವಾಸಕ್ಕೆ ಹಿಂದೊಮ್ಮೆ ಹೋಗಿದ್ದೆವು. ಅಲ್ಲಿ ಪ್ರಾಣಿಗಳು ಬೇಕಾದಷ್ಟು ಕಂಡವು, ಅದರಲ್ಲಿ ಕೊರತೆಯಿಲ್ಲ. ಆದರೆ ಕಲ್ಲುಗಳನ್ನು ಕಾಲಲ್ಲಿ ಮಗುಚಿ ಹಾಗೇ ಬಿಟ್ಟು ನಡೆದರು. ಒಂದು ಹಲ್ಲಿ ಅಲುಗಾಡುತ್ತಿದೆ, ಫೋಟೊ ಸರಿ ಬರುತ್ತಿಲ್ಲ ಎಂದು ಅದನ್ನು ಡಬ್ಬಿಯಲ್ಲಿ ಹಾಕಿ ಐಸ್ ಪೆಟ್ಟಿಗೆಯಲ್ಲಿಟ್ಟರು. ತಣ್ಣಗಾಗಿ ಮರಗಟ್ಟಿದ ಮೇಲೆ ಕಲ್ಲಿನ ಮೇಲೆ ಕೂರಿಸಿ ಎಲ್ಲರಿಗೂ ತೆಗೆದುಕೊಳ್ಳಿ ಎಂದರು. ಆ ಫೋಟೊ ನೋಡಲು ಚೆಂದವಾಗಿದೆ. ನಾನು ಅದನ್ನು ಯಾರಿಗೂ ತೋರಿಸಿಲ್ಲ. ಆ ಪ್ರವಾಸದ ಬೆಲೆ ಇದರ ಎರಡರಷ್ಟು.

ತಾನ್ನಿಯ ನಡಿಗೆಯಲ್ಲಿ ಇನ್ನೊಂದು ವಿಷಯ ಮನಸ್ಸಿಗೆ ನಾಟಿತು. ವಾಪಸ್ ಬರುವ ದಾರಿಯಲ್ಲಿ ದಟ್ಟ ಹಸಿರು ಮರಗಳ ಒಂದು ತೋಪು ಬರುತ್ತದೆ. ಬಿಸಿಲಲ್ಲಿ ನಡೆದವರಿಗೆ ನೆರಳು ಸಿಕ್ಕಿತಲ್ಲ ಅಂತ ಖುಷಿಯಾಗುತ್ತದೆ. ಅದರ ಕೆಳಗೆ ಕೊಕ್ಕೆಯಿಂದ ನೆಲ ಕೆದಕಿಸಿದರು. ಒಣ ಎಲೆಯ ದಪ್ಪ ಪದರ, ಅದರ ಕೆಳಗೆ ಬೇರುಗಳ ಜಾಲ, ಸಡಿಲ ಮರಳೇ ಇಲ್ಲ. ಆಸ್ಟ್ರೇಲಿಯಾದ ಅಕೇಶಿಯಾ ಮರಗಳವು. ಕೇಪ್‌ನ ಹಾರುವ ಮರಳನ್ನು ಹಿಡಿದು ನಿಲ್ಲಿಸಲು ಹತ್ತೊಂಬತ್ತನೇ ಶತಮಾನದಲ್ಲಿ ತಂದು ನೆಟ್ಟರು. ಈಗ ಕಡಿದಷ್ಟೂ ಬರುತ್ತವೆ. ನಾನು ಅವರಿಗೆ ಬಳ್ಳಾರಿ ಜಾಲಿಯ ಕತೆ ಹೇಳಿದೆ. ಆ ಜಾಲಿಯ ಬಳಗವೂ ಇಲ್ಲಿಗೆ ಬಂದಿದೆಯಂತೆ, ಉತ್ತರ ಕೇಪ್ ಪ್ರಾಂತ್ಯದ ಹಳ್ಳದ ದಡಗಳನ್ನೆಲ್ಲ ಹಿಡಿದಿದೆ. ಎರಡೂ ದೇಶದಲ್ಲಿ ಆದದ್ದು ಒಂದೇ. ಮರವಿಲ್ಲದ ನೆಲವನ್ನು ನೋಡಿ ಏನೂ ಇಲ್ಲದ ನೆಲ ಅಂದುಕೊಂಡರು. ನಮ್ಮ ಕಡೆ ಕಂದಾಯದ ಕಾಗದದಲ್ಲಿ ಪಾಳು ಅಂತ ಬರೆದರು. ಚಳ್ಳಕೆರೆಯ ಅಮೃತಮಹಲ್ ಕಾವಲುಗಳಲ್ಲಿ ಕುರಿ ದನ ಮೇಯುತ್ತಿದ್ದವು, ಕೃಷ್ಣಮೃಗ ಇದ್ದವು. ಈಗ ಮೈಲಿಗಟ್ಟಲೆ ಕಾಂಪೌಂಡ್ ಗೋಡೆ. ಆ ನೆಲದ ಕಲ್ಲುಗಳ ಕೆಳಗೆ ಏನೇನಿತ್ತು ಅಂತ ಸರಿಯಾಗಿ ನೋಡಿದವರು ಎಷ್ಟು ಜನ? ನನಗೆ ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಈ ಪುಟ್ಟ ಪ್ರಾಣಿಗೆ ಶತ್ರುಗಳಿಗೇನು ಕಮ್ಮಿಯಿಲ್ಲ. ಚುಕ್ಕೆಯ ಹಾರ್ಲೆಕ್ವಿನ್ ಹಾವು ಮರಳಿನೊಳಗೇ ಹೊಕ್ಕು ಹಿಡಿಯುತ್ತದೆ. ಮೇಲೆ ಬಂದರೆ ಕಳಿಂಗ ಹಕ್ಕಿ ಕಾದಿರುತ್ತದೆ, ಅದು ಹಿಡಿದದ್ದನ್ನು ಬೇಲಿಯ ಮುಳ್ಳುತಂತಿಗೆ ಸಿಕ್ಕಿಸಿ ಇಟ್ಟುಕೊಳ್ಳುವ ಹಕ್ಕಿ. ಸಾಕು ಬೆಕ್ಕುಗಳೂ ಬಿಡುವುದಿಲ್ಲ. ಆದರೂ ಕೇಪ್‌ನ ಈ ಜಾತಿ ಸದ್ಯಕ್ಕೆ ಅಳಿವಿನ ಅಂಚಿನಲ್ಲಿಲ್ಲ. ಅಪರೂಪದ್ದು ಕಂಡೆವು ಎಂದು ಹೇಳಿಕೊಳ್ಳಬೇಕೆನ್ನುವವರಿಗೆ ಇದು ನಿರಾಸೆಯಾಗಬಹುದು. ನನಗಂತೂ ಎಲ್ಲರ ಹಿತ್ತಲಲ್ಲೂ ಇದ್ದು ಯಾರಿಗೂ ಕಾಣದ ಒಂದನ್ನು ನೋಡಿದ್ದೇ ದೊಡ್ಡದು.

ಊಟದ ವಿಷಯ ಕೇಳುತ್ತೀರಿ, ಗೊತ್ತು. ನಡಿಗೆ ಮುಗಿದ ಮೇಲೆ ಹೊಲದ ಮನೆಯ ಹಿಂದೆ ಕೆಂಡದ ಮೇಲೆ ಸುಟ್ಟ ರೂಸ್ಟರ್‌ಕೂಕ್ ಕೊಡುತ್ತಾರೆ. ಹುಳಿ ಬರಿಸಿದ ಹಿಟ್ಟಿನ ಅಂಗೈಯಗಲದ ರೊಟ್ಟಿ. ಹೊರಗೆ ಗರಿ, ಒಳಗೆ ಮೆತ್ತಗೆ. ಬಿಸಿ ಬಿಸಿಯಾಗಿ ಬಿಡಿಸಿ ಬೆಣ್ಣೆ ಹಚ್ಚಿ, ಏಪ್ರಿಕಾಟ್ ಜಾಮ್ ಹಾಕಿ ತಿನ್ನಬೇಕು. ಮೀನು ತಿನ್ನುವವರಿಗೆ ಹೊಗೆ ಹಿಡಿಸಿದ ಸ್ನೂಕ್ ಮೀನು ಇರುತ್ತದೆ. ನಾವು ಮೊದಲೇ ಹೇಳಿದ್ದರಿಂದ ನಮ್ಮ ರೊಟ್ಟಿಗಳನ್ನು ಬೇರೆ ಜಾಲರಿಯ ಮೇಲೆ ಸುಟ್ಟರು, ಸುಟ್ಟ ಕುಂಬಳಕಾಯಿ, ಈರುಳ್ಳಿ ಕೊಟ್ಟರು. ಕುಡಿಯಲು ರೂಯ್‌ಬೋಸ್ ಚಹಾ. ಇಲ್ಲಿಂದ ಉತ್ತರದ ಸೀಡರ್‌ಬರ್ಗ್ ಬೆಟ್ಟಗಳಲ್ಲಿ ಬೆಳೆಯುವ ಪೊದೆ ಅದು. ಅತ್ತೆಗೆ ಅದು ಸೇರಲಿಲ್ಲ, ಕಷಾಯ ಎಂದು ಪಕ್ಕಕ್ಕಿಟ್ಟರು. ನಾವು ಒಯ್ದ ಚಿತ್ರಾನ್ನವನ್ನು ತಾನ್ನಿ ಎರಡು ಸಲ ಹಾಕಿಸಿಕೊಂಡರು.

ಕೊರತೆಗಳೂ ಇವೆ. ದೊಡ್ಡದು ಶೌಚಾಲಯ. ಹೊಲದ ಮನೆ ಬಿಟ್ಟರೆ ಮಧ್ಯೆ ಎಲ್ಲೂ ಇಲ್ಲ, ಮೂರು ಗಂಟೆಗೂ ಮೇಲೆ ಹೊರಗಿರಬೇಕು. ವಯಸ್ಸಾದವರನ್ನು, ಸಕ್ಕರೆ ಕಾಯಿಲೆಯವರನ್ನು ಕರೆದುಕೊಂಡು ಹೋಗುವವರು ಇದನ್ನು ಯೋಚಿಸಲೇಬೇಕು. ನಾನು ಹೇಳಿದೆ, ಅರ್ಧ ದಾರಿಯಲ್ಲಿ ಒಂದು ಸಣ್ಣ ಮರೆಯನ್ನಾದರೂ ಕಟ್ಟಿಸಿ ಎಂದು. ನೆರಳಿಲ್ಲ. ಮಧ್ಯಾಹ್ನ ಸಮುದ್ರದಿಂದ ಬೀಸುವ ಗಾಳಿ ಮರಳನ್ನು ಕಣ್ಣಿಗೆ ಎರಚುತ್ತದೆ. ವಾಟ್ಸಾಪ್‌ನಲ್ಲಿ ಕೇಳಿದರೆ ಉತ್ತರ ಬರಲು ಎರಡು ಮೂರು ದಿನ ಹಿಡಿಯಬಹುದು, ಅಲ್ಲಿ ಸಿಗ್ನಲ್ ಕಷ್ಟ. ಕಾರ್ಡ್ ನಡೆಯುವುದಿಲ್ಲ, ನಗದೇ ಬೇಕು. ಕೊಡುವ ಕರಪತ್ರ ಆಫ್ರಿಕಾನ್ಸ್‌ನಲ್ಲಿದೆ, ಚಿತ್ರಗಳು ಚೆನ್ನಾಗಿವೆ, ಓದಲು ಆಗುವುದಿಲ್ಲ. ಮಾತಾಡುವುದು ಇಂಗ್ಲಿಷಿನಲ್ಲೇ, ನಿಧಾನವಾಗಿ, ಅರ್ಥವಾಗುವಂತೆ.

ಪ್ರಾಣಿ ಕಂಡೇ ಕಾಣುತ್ತದೆ ಎಂಬ ಭರವಸೆ ಅವರು ಕೊಡುವುದಿಲ್ಲ. ಕಾಣದಿದ್ದರೆ ದುಡ್ಡು ವಾಪಸ್ಸೂ ಇಲ್ಲ. ಇದು ನನಗೆ ಸರಿ ಅನ್ನಿಸಿತು. ಭರವಸೆ ಕೊಟ್ಟರೆ ಮುಂಚಿನ ದಿನವೇ ಒಂದನ್ನು ಹಿಡಿದು ಡಬ್ಬಿಯಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ, ಅದನ್ನು ನಾನು ಮಾಡುವುದಿಲ್ಲ ಎಂದು ಮೊದಲ ಮಾತಿನಲ್ಲೇ ಹೇಳಿದರು. ಹಾವುರಾಣಿ ಕಾಣದೇ ಹೋದರೂ ರಸ್ತೆ ದಾಟುವ ಆ್ಯಂಗ್ಯುಲೇಟ್ ಎಂಬ ನೆಲದ ಆಮೆಗಳು, ಉಷ್ಟ್ರಪಕ್ಷಿ, ಮರಳಿನಡಿ ಬದುಕುವ ದೊಡ್ಡ ಇಲಿಗಳು ಎಬ್ಬಿಸಿದ ಮರಳು ಗುಡ್ಡೆಗಳು ಖಂಡಿತ ಕಾಣುತ್ತವೆ. ಆ ಇಲಿಯ ಗುಡ್ಡೆಗಳ ನಡುವೆ ಕಾಲಿಡುವಾಗ ಹುಷಾರು, ನೆಲ ಕುಸಿಯುತ್ತದೆ. ನನ್ನವರ ಕಾಲು ಮೊಣಕಾಲವರೆಗೆ ಹೋಯಿತು.

ನಾವು ಕೊಟ್ಟದ್ದು ದೊಡ್ಡವರಿಗೆ 650 ರಾಂಡ್, ಮಗನಿಗೆ ಅರ್ಧ, ಊಟ ಸೇರಿ. ಎಂಟು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಕರೆದುಕೊಳ್ಳುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಒಳ್ಳೆಯ ಕಾಲ, ಮಳೆ ಬಿದ್ದು ಎರಡು ಮೂರು ದಿನ ಬಿಸಿಲು ಬಂದ ಮೇಲೆ ಇನ್ನೂ ಒಳ್ಳೆಯದು. ಡಿಸೆಂಬರ್ ರಜೆಯಲ್ಲಿ ಬರುವವರು ಸುಮ್ನೆ ಹೋಗಬೇಡಿ, ಬೇಸಿಗೆಯಲ್ಲಿ ಅವು ಆಳಕ್ಕೆ ಇಳಿದುಬಿಡುತ್ತವೆ, ತಾನ್ನಿಯೂ ಆಗ ನಡಿಗೆ ನಿಲ್ಲಿಸುತ್ತಾರೆ. ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲಿ ಡಾರ್ಲಿಂಗ್ ಸುತ್ತ ಹೂವಿನ ಕಾಲ, ಊರೆಲ್ಲ ಪ್ರವಾಸಿಗಳು. ಆ ವಾರಗಳಿಗೆ ತಿಂಗಳ ಮೊದಲೇ ಹೇಳಿಟ್ಟುಕೊಳ್ಳಿ. ಊರಿನ ಪ್ರವಾಸಿ ಮಾಹಿತಿ ಕೇಂದ್ರದಲ್ಲಿ ಮರಳಿನ ನಡಿಗೆ ಮಾಡಿಸುವ ತಾನ್ನಿ ಎಂದು ಕೇಳಿದರೆ ನಂಬರ್ ಕೊಡುತ್ತಾರೆ. ಪಾದ ಪೂರ್ತಿ ಮುಚ್ಚುವ ಶೂ, ಉದ್ದ ಪ್ಯಾಂಟ್, ಟೋಪಿ ಬೇಕೇ ಬೇಕು. ಸೀರೆಯಲ್ಲಿ ಆಗುವುದಿಲ್ಲ, ಅತ್ತೆ ನನ್ನ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡೇ ನಡೆದರು. ಮಾಂಸ ತಿನ್ನದವರು ಬುಕ್ ಮಾಡುವಾಗಲೇ ಹೇಳಿ. ಚಿತ್ರಾನ್ನ ಒಯ್ದರೆ ಒಂದು ಡಬ್ಬಿ ಜಾಸ್ತಿ ಒಯ್ಯಿರಿ.